ಮಾದ್ರಿಗಾಲ್ ಕುಟುಂಬದ ವರಗಳು: ಶಕ್ತಿ ಮನುಷ್ಯರದೋ, ಮನೆಯದೋ?

ಹಿತ್ತಲ ಬಾಗಿಲು:

ಡಿಸ್ನಿಯ ‘ಎನ್‌ಕಾಂಟೋ’ ಚಿತ್ರ 2021ರ ನವೆಂಬರ್‌ನಲ್ಲಿ ತೆರೆಕಂಡಿತು. ಅಂದಿನಿಂದ ಅದರ ಅಭಿಮಾನಿಗಳು ಸೇರಿದ ಕಡೆಯಲ್ಲೆಲ್ಲ, ಮಾದ್ರಿಗಾಲ್ ಮನೆತನದವರಲ್ಲಿ ಯಾರ ಶಕ್ತಿ ಎಲ್ಲರದಕ್ಕಿಂತ ದೊಡ್ಡದು ಎಂಬ ವಾದ ನಡೆಯುತ್ತಲೇ ಇದೆ. ಅದನ್ನು ತೀರ್ಮಾನಿಸುವ ಮೊದಲು ಇನ್ನೊಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ. ಆ ಶಕ್ತಿಗಳು ನಿಜಕ್ಕೂ ಆ ಮನುಷ್ಯರವೇ, ಅಥವಾ ‘ಕಸೀತಾ’ ಎಂದು ಅವರು ಕರೆಯುವ ಆ ಮನೆಯವೇ? ಚಿತ್ರವನ್ನು ಇನ್ನೂ ನೋಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಏಕೆಂದರೆ ಮುಂದೆ ಕಥೆಯ ಗುಟ್ಟುಗಳೆಲ್ಲ ರಟ್ಟಾಗಲಿವೆ.

ಮರೆತವರಿಗಾಗಿ ನಿಯಮವನ್ನು ಒಮ್ಮೆ ಹೇಳಿಬಿಡುತ್ತೇನೆ. ಆ ಮನೆಯ ಮಗುವಿಗೆ ಐದು ವರ್ಷ ತುಂಬಿದಾಗ ಅದು ಎಂದೂ ಆರದ ಮೇಣದಬತ್ತಿಯನ್ನು ಮುಟ್ಟಿ, ನಂತರ ತನಗಾಗಿ ಮೂಡಿದ ಬಾಗಿಲಿನ ಹಿಡಿಯನ್ನು ಮುಟ್ಟಬೇಕು. ಆಗ ಬಾಗಿಲು ಬೆಳಗಿ, ಒಳಗೆ ಹೊಸ ಕೋಣೆಯೊಂದು ತೆರೆದುಕೊಂಡು, ಮಗುವಿಗೆ ವರ ದಕ್ಕುತ್ತದೆ. ಅಜ್ಜಿ ಅಲ್ಮಾಳ ತ್ರಿವಳಿ ಮಕ್ಕಳಲ್ಲಿ ಹುಲಿಯೆತ್ತಾ ಅಡುಗೆಯಿಂದ ಗಾಯ ಮಾಯಿಸುತ್ತಾಳೆ, ಪೆಪಾಳ ಮನಸ್ಸಿನಂತೆ ಹವೆ ಬದಲಾಗುತ್ತದೆ, ಬ್ರೂನೊ ಭವಿಷ್ಯ ಕಾಣುತ್ತಾನೆ. ಮೊಮ್ಮಕ್ಕಳಲ್ಲಿ ಇಸಬೆಲಾಗೆ ಹೂವು, ಲೂಯಿಸಾಗೆ ಬಲ, ಡೊಲೊರೆಸ್‌ಗೆ ಕಿವಿ, ಕಮಿಲೊಗೆ ಬಯಸಿದ ರೂಪ, ಪುಟ್ಟ ಆಂತೋನಿಯೊಗೆ ಪ್ರಾಣಿಗಳ ಮಾತು ಒಲಿದಿವೆ. ಮಿರಾಬೆಲ್ ಮುಟ್ಟಿದ ಬಾಗಿಲು ಮಾತ್ರ ಅಲ್ಲಿಯೇ ಮಾಯವಾಯಿತು.

ಶಕ್ತಿ ಮನೆಯದು, ಇವರೆಲ್ಲ ಆ ಮನೆಯ ಕೈಕಾಲುಗಳು ಎಂಬುದು ನನ್ನ ವಾದ. ಗೋಡೆಯಲ್ಲಿ ಬಿರುಕು ಕಂಡ ರಾತ್ರಿಯೇ ತನಗೆ ನಿಶ್ಶಕ್ತಿ ಅನ್ನಿಸಿತೆಂದು ಲೂಯಿಸಾ ತಂಗಿಯ ಬಳಿ ಒಪ್ಪಿಕೊಳ್ಳುತ್ತಾಳೆ. ಮನೆ ಕುಸಿದು ಮೇಣದಬತ್ತಿ ಆರಿದಾಗ ಎಲ್ಲರ ಶಕ್ತಿಯೂ ಒಟ್ಟಿಗೇ ಹೋಯಿತೇ ಹೊರತು ಒಬ್ಬೊಬ್ಬರದಾಗಿ ಅಲ್ಲ. ಶಕ್ತಿ ದೇಹದಲ್ಲಿಯೇ ಇದ್ದಿದ್ದರೆ, ಮನೆ ಬಿದ್ದ ಮೇಲೂ ಲೂಯಿಸಾಳ ತೋಳಿನಲ್ಲಿ ಸ್ವಲ್ಪವಾದರೂ ಉಳಿಯಬೇಕಿತ್ತಲ್ಲವೇ?

ದೀಪದ ಕುಡಿ:

ನಿಮ್ಮ ವಾದ ಅಚ್ಚುಕಟ್ಟಾಗಿದೆಯಾದರೂ ಒಂದು ದೃಶ್ಯ ಅದಕ್ಕೆ ಒಗ್ಗುವುದಿಲ್ಲ. ಮಿರಾಬೆಲ್ ಒಲ್ಲದ ಮನಸ್ಸಿನಿಂದ ಕ್ಷಮೆ ಕೇಳಲು ಇಸಬೆಲಾಳ ಕೋಣೆಗೆ ಹೋದಾಗ ಮನೆಯ ತುಂಬ ಬಿರುಕುಗಳಿದ್ದವು, ಮೇಣದಬತ್ತಿ ಸೊರಗುತ್ತಿತ್ತು. ಅಕ್ಕತಂಗಿಯರ ನಡುವೆ ಮಾತಿಗೆ ಮಾತು ಬೆಳೆಯುತ್ತದೆ. ತನಗೆ ಆ ಮರಿಯಾನೊ ಎಂದೂ ಬೇಕಿರಲಿಲ್ಲ, ಮನೆತನಕ್ಕಾಗಿ ಮಾತ್ರ ಮದುವೆಗೆ ಒಪ್ಪಿದ್ದೆ ಎಂದು ಇಸಬೆಲಾ ಕೂಗಿಬಿಟ್ಟ ಕ್ಷಣದಲ್ಲಿ ನೆಲದಿಂದ ಚಿಕ್ಕದೊಂದು ಪಾಪಸುಕಳ್ಳಿ ಮೇಲೇಳುತ್ತದೆ. ಅದು ಸೊಟ್ಟಗಿದೆ, ಮೈಯೆಲ್ಲ ಮುಳ್ಳು. ಅಲ್ಲಿಯವರೆಗೆ ಒಂದೇ ಅಳತೆಯ ಗುಲಾಬಿಗಳನ್ನಷ್ಟೇ ಅರಳಿಸುತ್ತಿದ್ದವಳು ಅದನ್ನು ಬೆರಗಿನಿಂದ ನೋಡುತ್ತಾಳೆ. ಮುಂದಿನ ಎರಡು ನಿಮಿಷಗಳಲ್ಲಿ ಅವಳು ಹಾಡುತ್ತಾ ಜಕರಂಡಾ, ಬಳ್ಳಿ, ಕೀಟ ತಿನ್ನುವ ಗಿಡ, ಮುಗಿಲೆತ್ತರದ ತಾಳೆ ಎಲ್ಲವನ್ನೂ ಎಬ್ಬಿಸುತ್ತಾಳೆ.

ಮನೆಯೇ ಶಕ್ತಿಯ ಮೂಲವಾಗಿದ್ದರೆ, ಮನೆ ತೀರ ದುರ್ಬಲವಾಗಿರುವಾಗ ಇಸಬೆಲಾಳ ವರ ಬಾಡಬೇಕಿತ್ತು. ಅದು ಹಿಂದೆಂದೂ ಇಲ್ಲದಷ್ಟು ಬೆಳೆಯಿತು. ಆದ್ದರಿಂದ ಶಕ್ತಿ ಅವಳ ಒಳಗಿನದೇ, ಮನೆ ಕೇವಲ ಅದನ್ನು ತೋರಿಸುವ ಕನ್ನಡಿ ಎಂದು ನಾನು ಹೇಳುತ್ತೇನೆ.

ಎಲೆಮರೆ:

ನಾನು ಸಸ್ಯಶಾಸ್ತ್ರ ಕಲಿಸುವವಳಾದ್ದರಿಂದ ಆ ಹಾಡಿನ ಗಿಡಗಳ ಪಟ್ಟಿಯ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಅಲ್ಲಿ ಬರುವ ‘ಪಾಲ್ಮಾ ದೆ ಸೆರಾ’ ಎಂದರೆ ಆಂಡಿಸ್ ಪರ್ವತದ ಮೇಣದ ತಾಳೆ. ಜಗತ್ತಿನ ತಾಳೆ ಜಾತಿಗಳಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಬೆಳೆಯುವ ಮರ ಇದು, 1985ರಿಂದ ಕೊಲಂಬಿಯದ ರಾಷ್ಟ್ರವೃಕ್ಷವೂ ಹೌದು. ಕ್ವಿಂದಿಯೋ ಪ್ರಾಂತ್ಯದ ಕೊಕೋರಾ ಕಣಿವೆಯ ಚಿತ್ರಗಳನ್ನು ನೋಡಿದವರಿಗೆ ಮಾದ್ರಿಗಾಲ್ ಮನೆಯ ಸುತ್ತಲಿನ ಬೆಟ್ಟಗಳು ಎಲ್ಲಿಂದ ಬಂದವೆಂದು ತಟ್ಟನೆ ತಿಳಿಯುತ್ತದೆ. ಈ ಮರ ಬಹಳ ನಿಧಾನವಾಗಿ ಬೆಳೆಯುತ್ತದೆ, ಅದರ ಕಾಂಡ ನೆಲಬಿಟ್ಟು ಏಳುವುದಕ್ಕೇ ಹಲವು ವರ್ಷಗಳು ಬೇಕು. ಇಸಬೆಲಾ ಅದನ್ನು ಒಂದು ಉಸಿರಿನಲ್ಲಿ ಎಬ್ಬಿಸಿ ಅದರ ಮೇಲೆಯೇ ಏರಿ ಹೋಗುತ್ತಾಳೆ.

ಗಮನಿಸಬೇಕಾದ ಸಂಗತಿ ಏನೆಂದರೆ, ಅವಳಿಗೆ ಬೀಜ, ಮಣ್ಣು, ನೀರು, ಬಿಸಿಲು ಇವು ಯಾವುವೂ ಬೇಕಿಲ್ಲ. ಪಾಪಸುಕಳ್ಳಿ ಕೋಣೆಯ ನೆಲದ ಮೇಲೆ ಹುಟ್ಟಿತು, ಬಳ್ಳಿಗಳು ಗಾಳಿಯಲ್ಲಿ ಹುಟ್ಟುತ್ತವೆ. ಕೀಟಗಳನ್ನು ಹಿಡಿಯುವ ಡ್ರೊಸೆರಾ ಸಾರವಿಲ್ಲದ ಜೌಗು ನೆಲದ ಗಿಡ, ಕಳ್ಳಿ ಒಣ ನೆಲದ್ದು, ಮೇಣದ ತಾಳೆ ತಂಪು ಬೆಟ್ಟದ್ದು. ಈ ಮೂರನ್ನೂ ಒಂದೇ ಹಾಡಿನಲ್ಲಿ ಬೆಳೆಸಬಲ್ಲವಳು ಗೋಧಿ, ಜೋಳ, ಔಷಧಿಯ ಬೇರುಗಳನ್ನೂ ಬೆಳೆಸಬಲ್ಲಳಲ್ಲವೇ? ಇಡೀ ಕಣಿವೆಗೆ ಹಸಿವೆ ಎಂಬುದೇ ಇಲ್ಲದಂತೆ ಮಾಡಬಲ್ಲ ಹುಡುಗಿಯನ್ನು ಅಜ್ಜಿ ಹಬ್ಬದ ತೋರಣಕ್ಕೂ ಮರಿಯಾನೊನ ಗುಸ್ಮಾನ್ ಮನೆತನದೊಂದಿಗಿನ ಸಂಬಂಧಕ್ಕೂ ಮೀಸಲಿಟ್ಟಿದ್ದಳು. ಚಿತ್ರದಲ್ಲಿ ಅತಿ ಹೆಚ್ಚು ವ್ಯರ್ಥವಾದ ಶಕ್ತಿ ಇದು, ಬಹುಶಃ ಅತಿ ದೊಡ್ಡ ಶಕ್ತಿಯೂ ಇದೇ.

ಹಿತ್ತಲ ಬಾಗಿಲು:

ದೀಪದ ಕುಡಿ ಅವರೇ, ಅದೇ ದೃಶ್ಯವನ್ನು ಇನ್ನೂ ಅರ್ಧ ನಿಮಿಷ ಮುಂದಕ್ಕೆ ನೋಡಿ. ಅಕ್ಕತಂಗಿಯರು ಅಪ್ಪಿಕೊಂಡಾಗ ಮೇಣದಬತ್ತಿ ಮತ್ತೆ ಪ್ರಖರವಾಗಿ ಉರಿಯತೊಡಗುತ್ತದೆ. ಬ್ರೂನೊ ಕಂಡ ಎರಡನೆಯ ದರ್ಶನದಲ್ಲಿಯೂ ಇದೇ ಇತ್ತು. ಬಳಿಕ ಅಜ್ಜಿ ಬಂದು ಗದರಿದಾಗ, ಮಿರಾಬೆಲ್ ಎದುರು ನಿಂತು ಉತ್ತರ ಕೊಟ್ಟಾಗ, ಬಿರುಕು ಮನೆಯನ್ನು ದಾಟಿ ಬೆಟ್ಟವನ್ನೇ ಸೀಳುತ್ತದೆ. ಅಂದರೆ ಮನುಷ್ಯರಿಗೆ ಆಗುವುದು ಮನೆಗೂ, ಮನೆಗೆ ಆಗುವುದು ಮನುಷ್ಯರಿಗೂ ಮುಟ್ಟುತ್ತದೆ. ಕನ್ನಡಿಯಾಗಿದ್ದರೆ ಅದು ಒಡೆದಾಗ ಮುಖಕ್ಕೆ ಗಾಯವಾಗಬಾರದಿತ್ತು.

ಶಬ್ದವೇಧಿ:

ಎಲ್ಲರೂ ಡೊಲೊರೆಸ್‌ಳನ್ನು ಮರೆತಂತಿದೆ. ನನ್ನ ವೃತ್ತಿ ಧ್ವನಿಗ್ರಹಣವಾದ್ದರಿಂದ ಅವಳ ವರದ ಲೆಕ್ಕ ಹಾಕುವ ಆಸೆಯನ್ನು ತಡೆಯಲಾಗುತ್ತಿಲ್ಲ. ಒಂದು ಮೀಟರ್ ದೂರದಲ್ಲಿ ಸಾಮಾನ್ಯ ಮಾತಿನ ಮಟ್ಟ ಸುಮಾರು 60 ಡೆಸಿಬೆಲ್. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಅದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ ಒಂದು ಕಿಲೋಮೀಟರ್ ಆಚೆ ಆ ಮಾತು ಸೊನ್ನೆ ಡೆಸಿಬೆಲ್ ಸಮೀಪಕ್ಕೆ ಬಂದಿರುತ್ತದೆ, ಅಂದರೆ ಸಂಪೂರ್ಣ ನಿಶ್ಶಬ್ದದಲ್ಲಿ ಆರೋಗ್ಯವಂತ ಕಿವಿ ಗುರುತಿಸಬಲ್ಲ ಕಟ್ಟಕಡೆಯ ಮಟ್ಟ. ಆದರೆ ಸಂಪೂರ್ಣ ನಿಶ್ಶಬ್ದ ಎಲ್ಲಿದೆ? ರಾತ್ರಿಯ ಮಲಗುವ ಕೋಣೆಯಲ್ಲಿಯೂ 30 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಆದ್ದರಿಂದ ಡೊಲೊರೆಸ್‌ಳ ಹೆಚ್ಚುಗಾರಿಕೆ ಸೂಕ್ಷ್ಮವಾದ ಕಿವಿಗಿಂತಲೂ ಬೇರ್ಪಡಿಸುವ ಬುದ್ಧಿಯಲ್ಲಿದೆ. ಒಂದು ಊರಿನ ಬಾಯಿ, ಪಾತ್ರೆ, ಕತ್ತೆ, ಗಾಳಿ, ಮಳೆ ಎಲ್ಲವೂ ಒಂದರ ಮೇಲೊಂದು ಬಿದ್ದಿರುವಾಗ, ಅದರೊಳಗಿಂದ ಒಂದು ಪಿಸುಮಾತನ್ನು ಎಳೆಯೆಳೆಯಾಗಿ ಬಿಡಿಸಿ ಕೇಳುವುದು ನಮ್ಮ ಯಾವ ಯಂತ್ರಕ್ಕೂ ಇಂದಿಗೂ ಸಾಧ್ಯವಾಗಿಲ್ಲ.

ಅವಳು ಆಡುವ ಒಂದು ಮಾತು ಬಹಳ ಜನರ ಗಮನ ತಪ್ಪಿಸಿಕೊಂಡಿದೆ. ಆಂತೋನಿಯೊಗೆ ವರ ಬಂದ ಹಬ್ಬದ ಮರುದಿನ ಬೆಳಗಿನ ಊಟದ ಮೇಜಿನಲ್ಲಿ, ಮಾಂತ್ರಿಕ ಶಕ್ತಿಯ ಬಗ್ಗೆ ಚಿಂತೆ ಮಾಡುತ್ತಿರುವವರು ಮಿರಾಬೆಲ್, ಗೋಡೆಯೊಳಗೆ ಮಾತನಾಡುವ ಇಲಿಗಳು ಮತ್ತು ರಾತ್ರಿಯಿಡೀ ಕಣ್ಣು ಅದುರುತ್ತಿದ್ದ ಲೂಯಿಸಾ ಎಂದು ಅವಳು ತನ್ನ ಎಂದಿನ ಮೆಲುದನಿಯಲ್ಲಿ ಹೇಳಿಬಿಡುತ್ತಾಳೆ. ಕಣ್ಣು ಅದುರುವ ಸದ್ದನ್ನು ಇನ್ನೊಂದು ಕೋಣೆಯಿಂದ ಕೇಳುವವಳಿಗೆ ಆ ಮನೆಯಲ್ಲಿ ಯಾರ ಗುಟ್ಟೂ ಗುಟ್ಟಾಗಿರಲಿಲ್ಲ. ಯಾರಿಗೆ ಎಲ್ಲವೂ ಗೊತ್ತಿದೆಯೋ ಅವರೇ ಬಲಶಾಲಿ ಎಂಬುದು ನನ್ನ ನಿಲುವು.

ಮೂರನೇ ಸಾಲು:

ಗೊತ್ತಿದ್ದು ಏನು ಮಾಡಿದಳು ಎಂಬುದನ್ನೂ ಕೇಳಬೇಕಲ್ಲವೇ? ಗೋಡೆಯೊಳಗಿನ ಆ ‘ಇಲಿಗಳು’ ಯಾರೆಂದು ನಮಗೀಗ ತಿಳಿದಿದೆ. ಸೋದರಮಾವ ಬ್ರೂನೊ ಹತ್ತು ವರ್ಷ ಆ ಮನೆಯ ಗೋಡೆಗಳ ನಡುವೆ ಬದುಕಿದ್ದ, ತನ್ನಷ್ಟಕ್ಕೆ ಗೊಣಗುತ್ತಿದ್ದ, ಊಟದ ಕೋಣೆಯ ಗೋಡೆಗೆ ತಾಗಿದಂತೆ ಒಂದು ಮೇಜಿಟ್ಟು, ಅದರ ಮೇಲೆ ತಟ್ಟೆಯ ಚಿತ್ರ ಬರೆದುಕೊಂಡು, ಮನೆಯವರೊಂದಿಗೆ ಕುಳಿತು ಉಣ್ಣುತ್ತಿರುವಂತೆ ಭಾವಿಸಿಕೊಂಡಿದ್ದ. ಅವನು ಎಂದೂ ಹೋಗಿರಲಿಲ್ಲ, ದಿನವೂ ಕೇಳಿಸುತ್ತಿತ್ತು ಎಂದು ಡೊಲೊರೆಸ್ ಕೊನೆಯಲ್ಲಿ ಹಾಡುತ್ತಾಳೆ. ಅಂಥ ಸಂಗತಿಯನ್ನು ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವಳು, ಮಿರಾಬೆಲ್ ಮತ್ತು ಅವಳ ತಂದೆ ಕೋಣೆಯಲ್ಲಿ ಮೆಲ್ಲಗೆ ಮಾತನಾಡಿಕೊಂಡ ಗುಟ್ಟನ್ನು ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ ಒಂದು ಗಂಟೆಯೂ ತಡೆದಿಟ್ಟುಕೊಳ್ಳಲಿಲ್ಲ.

ನನಗೆ ಕಾಣುವ ಉತ್ತರ ಸರಳವಾಗಿದೆ. ಆ ಮನೆಯಲ್ಲಿ ಬ್ರೂನೊನ ಹೆಸರೆತ್ತುವುದು ನಿಷಿದ್ಧ, ಮಿರಾಬೆಲ್‌ಳ ಹೆಸರೆತ್ತುವುದು ನಿಷಿದ್ಧವಲ್ಲ. ಕೂಡು ಕುಟುಂಬದಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಅವಳ ಶಕ್ತಿಯ ಮಿತಿಯನ್ನು ಡೆಸಿಬೆಲ್ ಲೆಕ್ಕದಲ್ಲಿ ಹುಡುಕುವ ಬದಲು ಅಜ್ಜಿಯ ಹುಬ್ಬಿನಲ್ಲಿ ಹುಡುಕಬೇಕು.

ಔಷಧದ ಚೀಟಿ:

ಹುಲಿಯೆತ್ತಾಳ ಬಗ್ಗೆ ಯಾರೂ ಬರೆಯದಿರುವುದು ನನಗೆ ಆಶ್ಚರ್ಯ. ದಿನವೂ ಔಷಧಿಯಂಗಡಿಯ ಗಲ್ಲೆಯ ಹಿಂದೆ ನಿಲ್ಲುವ ನನಗೆ ಅವಳ ವರವನ್ನು ಬಿಟ್ಟರೆ ಬೇರೆ ಯಾವುದೂ ಬೇಡವೆನ್ನಿಸುತ್ತದೆ. ಹೆಂಚಿನ ಚೂರಿನಿಂದ ಕೊಯ್ದುಕೊಂಡ ಮಿರಾಬೆಲ್‌ಳ ಅಂಗೈಗೆ ಪಟ್ಟಿ ಕಟ್ಟಲಿಲ್ಲ, ಮುಲಾಮು ಹಚ್ಚಲಿಲ್ಲ. ತಾಯಿ ಮುಸುಕಿನ ಜೋಳದ ಹಿಟ್ಟಿನ, ಗಿಣ್ಣು ತುಂಬಿದ ಒಂದು ಅರೆಪಾ ಕೊಟ್ಟಳು, ಮಗಳು ಒಂದು ತುತ್ತು ಕಚ್ಚಿದಳು, ಗಾಯ ಮುಚ್ಚಿಕೊಂಡಿತು. ಜೇನುನೊಣ ಕಚ್ಚಿ ಊದಿಕೊಂಡ ಗಂಡ ಅಗುಸ್ತಿನ್‌ನ ಮುಖಕ್ಕೂ ಅದೇ ಮದ್ದು. ಪ್ರಮಾಣ, ಅಡ್ಡಪರಿಣಾಮ, ಪಥ್ಯ ಇವು ಒಂದೂ ಇಲ್ಲ.

ಹಾಗಾದರೆ ಅಗುಸ್ತಿನ್ ಮತ್ತು ಮಿರಾಬೆಲ್ ಇಬ್ಬರೂ ಕನ್ನಡಕ ಹಾಕಿಕೊಳ್ಳುವುದೇಕೆ ಎಂದು ಅಂತರಜಾಲದಲ್ಲಿ ಪದೇ ಪದೇ ಕೇಳಲಾಗುತ್ತದೆ. ಇದು ಚಿತ್ರದ ದೋಷ ಎನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಮೀಪದೃಷ್ಟಿ ಕಣ್ಣುಗುಡ್ಡೆಯ ಆಕಾರದಿಂದ ಬರುವಂಥದ್ದು, ಅದು ಗಾಯವಲ್ಲ. ಹುಲಿಯೆತ್ತಾಳ ಅಡುಗೆ ದೇಹವನ್ನು ಅದರ ಮೊದಲಿನ ಸ್ಥಿತಿಗೆ ತರುತ್ತದೆಯೇ ಹೊರತು ಯಾವುದೋ ಆದರ್ಶ ಸ್ಥಿತಿಗೆ ಒಯ್ಯುವುದಿಲ್ಲ. ಅಜ್ಜಿಯ ಮುಪ್ಪು ನಿಂತಿಲ್ಲ, ಸ್ವತಃ ಹುಲಿಯೆತ್ತಾಳ ತಲೆಯಲ್ಲಿ ನರೆ ಮೂಡಿದೆ. ಇನ್ನೊಂದು ಮಿತಿ ಇದಕ್ಕಿಂತ ಮುಖ್ಯವಾದದ್ದು: ದಿನವೂ ಅವಳ ಕೈಯಡುಗೆಯನ್ನೇ ಉಂಡ ಮನೆಯಲ್ಲಿ ಲೂಯಿಸಾಳ ಆತಂಕ, ಪೆಪಾಳ ಕಳವಳ, ಮಿರಾಬೆಲ್‌ಳ ಕೊರಗು ಇವು ಯಾವುವೂ ಗುಣವಾಗಲಿಲ್ಲ. ಗಾಯ ಮಾಯಿಸಿದ ಮರುಕ್ಷಣವೇ ತಾಯಿ, ನೀನೂ ಉಳಿದವರಷ್ಟೇ ವಿಶೇಷ ಎಂದು ಬಾಯಿಮಾತಿನಲ್ಲಿ ಸಮಾಧಾನ ಹೇಳಬೇಕಾಯಿತು, ಅದಕ್ಕೆ ಅರೆಪಾ ಸಾಲಲಿಲ್ಲ.

ಕಡಲಕರೆ:

ಹಿತ್ತಲ ಬಾಗಿಲು ಅವರು ಮನೆಯೇ ಮೂಲ ಎಂದಿದ್ದಾರೆ. ಹಾಗಿದ್ದರೆ ಫೆಲಿಕ್ಸ್ ಮತ್ತು ಅಗುಸ್ತಿನ್ ಇಬ್ಬರೂ ಎರಡು ದಶಕಗಳಿಂದ ಅದೇ ಸೂರಿನಡಿ ಮನೆಯಳಿಯರಾಗಿದ್ದಾರಲ್ಲ, ಅವರಿಗೇಕೆ ಏನೂ ಸಿಗಲಿಲ್ಲ? ವಾಸದಿಂದ ಬರುವುದಿಲ್ಲ, ರಕ್ತದಿಂದ ಬರುತ್ತದೆ ಎಂದಾಯಿತು. ಅದರಲ್ಲಿಯೂ ಒಂದು ಕುತೂಹಲವಿದೆ. ಬ್ರೂನೊಗೆ ಮಕ್ಕಳಿಲ್ಲ, ಆದ್ದರಿಂದ ವರ ಪಡೆದ ಮೊಮ್ಮಕ್ಕಳೆಲ್ಲರೂ ಹೆಣ್ಣುಮಕ್ಕಳ ಮಕ್ಕಳೇ. ಗಂಡುಮಗನ ಮೂಲಕವೂ ಇದು ಹರಿಯುತ್ತದೆಯೇ ಎಂಬುದಕ್ಕೆ ಚಿತ್ರದಲ್ಲಿ ಒಂದೂ ಪುರಾವೆ ಇಲ್ಲ. ಅಳಿಯಕಟ್ಟಿನ ಮನೆತನದಿಂದ ಬಂದ ನನಗೆ ಇದು ಮೊದಲ ನೋಟದಲ್ಲಿಯೇ ಕಣ್ಣಿಗೆ ಬಿದ್ದದ್ದರಲ್ಲಿ ವಿಶೇಷವಿಲ್ಲ.

ನಾಳೆಯ ನೆರಳು:

ಬ್ರೂನೊನ ವಿಷಯಕ್ಕೆ ಬರೋಣ. ಅವನ ಕುರಿತ ಹಾಡು 2022ರ ಆರಂಭದಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಬಹಳ ಜನರಿಗೆ ಅವನ ಪರಿಚಯವಾದದ್ದೇ ಆ ಹಾಡಿನ ಆರೋಪಪಟ್ಟಿಯಿಂದ. ಆ ಆರೋಪಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಅವನ ವರದ ಸ್ವರೂಪ ಸ್ಪಷ್ಟವಾಗುತ್ತದೆ. ಒಬ್ಬಳ ಸಾಕಿದ ಮೀನು ಸತ್ತಿತು, ಒಬ್ಬನಿಗೆ ಹೊಟ್ಟೆ ಬಂತು, ಪಾದ್ರಿಯ ತಲೆ ಬೋಳಾಯಿತು. ಇವು ಭವಿಷ್ಯ ಹೇಳದಿದ್ದರೂ ಆಗುತ್ತಿದ್ದ ಸಂಗತಿಗಳು, ಹೇಳಿದ ತಪ್ಪಿಗೆ ಮಾಡಿದ ತಪ್ಪೂ ಅವನ ತಲೆಗೆ ಬಂತು.

ಪೆಪಾಳ ಮದುವೆಯ ಕಥೆ ಮಾತ್ರ ಬೇರೆ ತೆರನದು. ಮದುವೆಯ ದಿನ ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಬ್ರೂನೊ ಬಂದು ಮಳೆ ಬರುವಂತಿದೆ ಎಂದ. ಪೆಪಾಗೆ ಗಾಬರಿಯಾಯಿತು. ಅವಳಿಗೆ ಗಾಬರಿಯಾದರೆ ಮಳೆ ಬಾರದಿರುವುದು ಸಾಧ್ಯವೇ? ಚಂಡಮಾರುತವೇ ಬಂತು. ಇಲ್ಲಿ ಭವಿಷ್ಯ ನಿಜವಾದದ್ದು ಅದನ್ನು ಹೇಳಿದ್ದರಿಂದ, ಅದೂ ಕೇಳಿಸಿಕೊಂಡವಳ ವರದ ಮೂಲಕ. ಇನ್ನೂ ಸ್ವಾರಸ್ಯವೆಂದರೆ, ಅದು ಭವಿಷ್ಯವಾಣಿಯೇ ಆಗಿರಲಿಲ್ಲ, ನೀನು ಬೆವರುತ್ತಿದ್ದುದನ್ನು ಕಂಡು ಆಡಿದ ಮಾತು ಎಂದು ಕೊನೆಯ ಹಾಡಿನಲ್ಲಿ ಅವನು ಅಕ್ಕನಿಗೆ ವಿವರಿಸುತ್ತಾನೆ. ಅಂದರೆ ಊರು ಅವನ ವರದ ಅತಿ ದೊಡ್ಡ ಅನಾಹುತವೆಂದು ಎಣಿಸಿದ್ದ ಘಟನೆಯಲ್ಲಿ ಅವನ ವರ ಕೆಲಸವನ್ನೇ ಮಾಡಿರಲಿಲ್ಲ.

ಇನ್ನು ಮಿರಾಬೆಲ್ ಕುರಿತ ದರ್ಶನ. ಹಸಿರು ಗಾಜಿನಂಥ ಆ ಫಲಕದಲ್ಲಿ ಅವಳ ಹಿಂದೆ ಮನೆ ಒಡೆದು ನಿಂತಿದೆ. ಸ್ವಲ್ಪ ವಾಲಿಸಿ ನೋಡಿದರೆ ಇಡಿಯಾಗಿದೆ. ಬ್ರೂನೊಗೆ ಕಾಣುವುದು ನಿಶ್ಚಿತವಾದ ಭವಿಷ್ಯವಲ್ಲ, ತಿರುವು ಎಲ್ಲಿದೆ ಎಂಬುದು ಮಾತ್ರ ಎಂದು ಇದರಿಂದ ತಿಳಿಯುತ್ತದೆ. ಅದನ್ನು ಕಂಡ ಕೂಡಲೇ, ಮನೆಯವರು ಆ ಹುಡುಗಿಯನ್ನು ದೂಷಿಸುತ್ತಾರೆಂದು ಹೆದರಿ, ಫಲಕವನ್ನು ಒಡೆದು ತಾನೇ ಮರೆಯಾದ. ತನ್ನ ವರದ ಮಿತಿ ತನಗೆ ಗೊತ್ತಿದ್ದವನು ಆ ಮನೆಯಲ್ಲಿ ಅವನೊಬ್ಬನೇ.

ಔಷಧದ ಚೀಟಿ:

ಇದರ ಜೊತೆಗೆ ಪೆಪಾಳ ಬದುಕನ್ನೂ ಒಮ್ಮೆ ಯೋಚಿಸಿ ನೋಡಿ. ಉಳಿದವರು ತಮ್ಮ ವರವನ್ನು ಬಳಸುತ್ತಾರೆ, ಅವಳು ತನ್ನದನ್ನು ದಿನವಿಡೀ ಅದುಮಿಡುತ್ತಾಳೆ. ನಿರ್ಮಲ ಆಕಾಶ, ನಿರ್ಮಲ ಆಕಾಶ ಎಂದು ಜಪಿಸುತ್ತಾ ತಲೆಯ ಮೇಲಿನ ಮೋಡವನ್ನು ಕೈಯಿಂದ ಓಡಿಸುವ ಹೆಂಗಸನ್ನು ಶಕ್ತಿವಂತೆ ಎನ್ನಬೇಕೋ, ರೋಗಿ ಎನ್ನಬೇಕೋ ನನಗೆ ತಿಳಿಯುತ್ತಿಲ್ಲ. ಗಂಡ ಫೆಲಿಕ್ಸ್ ಒಬ್ಬನೇ ಅವಳ ಮಳೆಯಲ್ಲಿ ನೆನೆಯಲು ಬೇಸರಿಸದವನು.

ಗಡಿಯೂರು:

ಇಷ್ಟು ಹೊತ್ತು ವರಗಳ ಮಿತಿಯ ಬಗ್ಗೆ ಚರ್ಚೆ ನಡೆದಿದೆ, ಅವು ಏಕೆ ಬಂದವು ಎಂಬುದನ್ನು ಯಾರೂ ಮುಟ್ಟಿಲ್ಲ. ಚಿತ್ರದ ಆರಂಭದಲ್ಲಿ ಅಲ್ಮಾ ಮತ್ತು ಪೆಡ್ರೊ ಮೂರು ಹಸುಗೂಸುಗಳನ್ನು ಎತ್ತಿಕೊಂಡು, ಊರವರೊಂದಿಗೆ, ರಾತ್ರೋರಾತ್ರಿ ಹೊಳೆ ದಾಟಿ ಓಡುತ್ತಾರೆ. ಕುದುರೆಯೇರಿ ಬಂದವರ ಎದುರು ಪೆಡ್ರೊ ಹಿಂತಿರುಗಿ ನಿಲ್ಲುತ್ತಾನೆ, ಅಲ್ಲಿಯೇ ಕೊಲ್ಲಲ್ಪಡುತ್ತಾನೆ. ಅದು ಯಾವ ಯುದ್ಧವೆಂದು ಚಿತ್ರ ಹೆಸರಿಸುವುದಿಲ್ಲ. 1899ರಿಂದ 1902ರವರೆಗೆ ಲಿಬರಲ್ ಮತ್ತು ಕನ್ಸರ್ವೇಟಿವ್ ಪಕ್ಷಗಳ ನಡುವೆ ನಡೆದ ‘ಸಾವಿರ ದಿನಗಳ ಯುದ್ಧ’ ಇರಬೇಕೆಂದು ಅನೇಕರು ಊಹಿಸುತ್ತಾರೆ. ಯಾವುದೇ ಆಗಿರಲಿ, ಊರು ಬಿಟ್ಟು ಓಡುವುದು ಕೊಲಂಬಿಯದವರಿಗೆ ಕಟ್ಟುಕಥೆಯಲ್ಲ. ಸ್ವದೇಶದಲ್ಲಿಯೇ ನೆಲೆ ಕಳೆದುಕೊಂಡವರು ಅತಿ ಹೆಚ್ಚಾಗಿರುವ ದೇಶಗಳಲ್ಲಿ ಅದೂ ಒಂದು.

ಈಗ ಮಾಂತ್ರಿಕತೆ ಮೊದಲು ಮಾಡಿದ ಕೆಲಸ ಯಾವುದೆಂದು ನೋಡಿ. ಬೆನ್ನಟ್ಟಿ ಬಂದವರನ್ನು ಅದು ಹಿಮ್ಮೆಟ್ಟಿಸಿತು, ಸುತ್ತಲೂ ಬೆಟ್ಟಗಳನ್ನು ಎಬ್ಬಿಸಿತು, ಒಂದು ಮನೆ ಕಟ್ಟಿಕೊಟ್ಟಿತು. ಐದು ವರ್ಷದ ನಂತರ ತ್ರಿವಳಿಗಳಿಗೆ ಸಿಕ್ಕ ಮೂರು ವರಗಳು ಔಷಧಿ, ಮಳೆ ಮತ್ತು ಮುನ್ನೆಚ್ಚರಿಕೆ. ಎಲ್ಲವನ್ನೂ ಕಳೆದುಕೊಂಡು ಹೊಸ ಜಾಗದಲ್ಲಿ ಗುಡಿಸಲು ಹಾಕಿಕೊಂಡ ಜನರಿಗೆ ಮೊಟ್ಟಮೊದಲು ಬೇಕಾಗುವುದು ಇವೇ ಅಲ್ಲವೇ? ಮುಂದಿನ ತಲೆಮಾರಿನ ಹೊತ್ತಿಗೆ ಊರು ನೆಲೆನಿಂತಿತ್ತು. ಆಗ ಬಂದ ವರಗಳು ಚರ್ಚನ್ನು ಸರಿಸುವ, ಹೊಳೆಯ ಪಾತ್ರ ತಿರುಗಿಸುವ ತೋಳ್ಬಲ, ಸುತ್ತಲಿನ ಸುದ್ದಿ ಹಿಡಿಯುವ ಕಿವಿ, ಮನೆತನದ ಮರ್ಯಾದೆ ಹೆಚ್ಚಿಸುವ ಹೂವು. ನನ್ನ ಅಭಿಪ್ರಾಯದಲ್ಲಿ ವರವನ್ನು ಆರಿಸುವುದು ಮಗುವೂ ಅಲ್ಲ, ಗೋಡೆಯೂ ಅಲ್ಲ. ಅಲ್ಮಾಳ ಭಯ ಆ ಹೊತ್ತಿಗೆ ಏನನ್ನು ಬೇಡುತ್ತಿತ್ತೋ ಅದನ್ನು ಮೇಣದಬತ್ತಿ ಕೊಟ್ಟಿತು. ಯಾರ ಶಕ್ತಿ ದೊಡ್ಡದು ಎಂದು ಕೇಳಿದರೆ ನಾನು ಅಲ್ಮಾಳ ಹೆಸರನ್ನೇ ಹೇಳುತ್ತೇನೆ.

ಎಲೆಮರೆ:

ಗಡಿಯೂರು ಅವರ ವಿವರಣೆ ತ್ರಿವಳಿಗಳಿಗೆ ಹೊಂದುವಷ್ಟು ಚೆನ್ನಾಗಿ ಕಿರಿಯರಿಗೆ ಹೊಂದುವುದಿಲ್ಲ. ಆಂತೋನಿಯೊ ಜಾಗ್ವಾರ್ ಮೇಲೆ ಸವಾರಿ ಮಾಡುವುದು ಅಲ್ಮಾಳ ಯಾವ ಭಯಕ್ಕೆ ಉತ್ತರ? ಅವನು ಸ್ವಭಾವತಃ ಸಂಕೋಚದ ಹುಡುಗ, ಸಮಾರಂಭದ ದಿನ ಮಂಚದ ಕೆಳಗೆ ಅಡಗಿಕೊಂಡಿದ್ದ. ಮಿರಾಬೆಲ್ ಅವನಿಗೆ ಕೊಟ್ಟ ಉಡುಗೊರೆಯೂ ಕೈಯಿಂದ ಹೊಲಿದ ಜಾಗ್ವಾರ್ ಬೊಂಬೆಯೇ. ಪ್ರಾಣಿಗಳ ಮೇಲಿನ ಪ್ರೀತಿ ವರ ಬರುವ ಮೊದಲೇ ಅವನಲ್ಲಿ ಇತ್ತು. ಮಗುವಿನ ಒಲವನ್ನೇ ಬಾಗಿಲು ದೊಡ್ಡದು ಮಾಡಿತು ಎಂಬುದು ಇಲ್ಲಿ ಹೆಚ್ಚು ಸರಳವಾದ ವಿವರಣೆ.

ಗಡಿಯೂರು:

ಆಂತೋನಿಯೊನ ವರ ಏನು ಮಾಡಿತು ಎಂಬುದನ್ನೂ ಸೇರಿಸಿಕೊಂಡು ಓದಿ. ಗೋಡೆಯೊಳಗಿನ ಇಲಿಗಳು ಎಲ್ಲವನ್ನೂ ಅವನಿಗೆ ಹೇಳಿಬಿಟ್ಟಿದ್ದವು. ಬ್ರೂನೊ ಮತ್ತೊಮ್ಮೆ ಭವಿಷ್ಯ ನೋಡಲು ಜಾಗ ಬೇಕಾದಾಗ ತನ್ನ ಕೋಣೆಯನ್ನು ಬಿಟ್ಟುಕೊಟ್ಟವನೂ ಅವನೇ. ಹತ್ತು ವರ್ಷ ಮುಚ್ಚಿಟ್ಟ ಒಬ್ಬ ಮನುಷ್ಯನನ್ನು ಮನೆಗೆ ಮರಳಿಸಲು ಇಲಿಗಳ ಭಾಷೆ ತಿಳಿದವನೊಬ್ಬ ಬೇಕಾಗಿದ್ದ. ಇದು ಅಲ್ಮಾಳ ಭಯವಲ್ಲ, ಒಪ್ಪುತ್ತೇನೆ. ಆದರೆ ಅಗತ್ಯ ಅಗತ್ಯವೇ.

ಮೂರನೇ ಸಾಲು:

ಕಮಿಲೊನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಚಿತ್ರವೂ ಅವನಿಗೆ ಹೆಚ್ಚು ಸಮಯ ಕೊಟ್ಟಿಲ್ಲ. ನಿದ್ದೆಗೆಟ್ಟ ಬಾಣಂತಿಯ ರೂಪ ತಾಳಿ ಅವಳ ಮಗುವನ್ನು ಎತ್ತಿಕೊಳ್ಳುವುದಷ್ಟೇ ಅವನ ಒಳ್ಳೆಯ ದೃಶ್ಯ. ಲೂಯಿಸಾಳ ರೂಪ ತಾಳಿದರೆ ಅವಳ ಬಲವೂ ಬರುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ, ಹಾಗೆ ಬರುವುದಾಗಿದ್ದರೆ ಲೂಯಿಸಾ ಅಷ್ಟು ದಣಿಯಬೇಕಾಗಿರಲಿಲ್ಲ ಎಂಬುದು.

ದೀಪದ ಕುಡಿ:

ಕೊನೆಗೂ ಮಿರಾಬೆಲ್ ವಿಷಯಕ್ಕೆ ಬರಲೇಬೇಕು. ಸಮಾರಂಭದ ದಿನ ಅವಳು ಮೇಣದಬತ್ತಿ ಮುಟ್ಟಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು, ಅದರಿಂದ ವರ ಅಳಿಸಿಹೋಯಿತು ಎಂಬ ಊಹೆಯೊಂದು ಅಂತರಜಾಲದಲ್ಲಿ ಬಹಳ ಓಡಾಡಿದೆ. ಇದು ನನಗೆ ಸ್ವಲ್ಪವೂ ರುಚಿಸುವುದಿಲ್ಲ. ಒಂದು ತಲೆಮಾರಿನ ನೋವನ್ನು ಕೈತೊಳೆಯುವ ನಿಯಮಕ್ಕೆ ಇಳಿಸಿಬಿಡುವ ವಿವರಣೆ ಇದು. ಒರೆಸಿದ್ದಕ್ಕೆ ಮಾಯವಾಗುವ ವರವಾಗಿದ್ದರೆ ಮರುವರ್ಷ ಇನ್ನೊಮ್ಮೆ ಮುಟ್ಟಿಸಬಹುದಾಗಿತ್ತಲ್ಲ.

ಅವಳ ವರವೇ ಆ ಮನೆ ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಸೀತಾ ಎಲ್ಲರ ಮಾತನ್ನೂ ಕೇಳುತ್ತದೆ ಎಂಬುದು ನಿಜ. ಆದರೆ ಕುಸಿಯುವ ಹೊತ್ತಿನಲ್ಲಿ ಅದು ಮೇಣದಬತ್ತಿಯ ಬಳಿ ತಲುಪಲು ದಾರಿ ಮಾಡಿಕೊಟ್ಟದ್ದು ಮಿರಾಬೆಲ್‌ಗೆ, ತನ್ನ ಕೊನೆಯ ತ್ರಾಣದಲ್ಲಿ ಮುಚ್ಚಿ ಕಾಪಾಡಿದ್ದು ಅವಳನ್ನು. ಊರವರೆಲ್ಲ ಸೇರಿ ಮನೆಯನ್ನು ಬರಿಗೈಯಿಂದ ಕಟ್ಟಿದ ಮೇಲೆ ಬಾಗಿಲಿಗೆ ಹಿಡಿ ಕೂರಿಸಿದವಳೂ ಅವಳೇ, ಆಗಲೇ ಎಲ್ಲರ ಶಕ್ತಿಯೂ ಮರಳಿತು. ಆ ಕ್ಷಣದಲ್ಲಿ ಯಾರ ಕೈಯಲ್ಲಿಯೂ ಮೇಣದಬತ್ತಿ ಇರಲಿಲ್ಲ ಎಂಬುದನ್ನು ಗಡಿಯೂರು ಅವರು ಗಮನಿಸಬೇಕು. ಅಲ್ಮಾಳ ಭಯವೇ ಮೂಲವಾಗಿದ್ದರೆ, ಭಯ ಕಳೆದ ಮೇಲೆ ಶಕ್ತಿ ಹೇಗೆ ಮರಳಿತು?

ಹಿತ್ತಲ ಬಾಗಿಲು:

ಬಾಗಿಲಿಗೆ ಹಿಡಿ ಕೂರಿಸಿದ ಮೇಲೆಯೇ ಮರಳಿತು ಎಂದು ನೀವೇ ಬರೆದಿದ್ದೀರಿ. ಗೋಡೆ, ಸೂರು, ಬಾಗಿಲು ಎಲ್ಲವೂ ಎದ್ದು ನಿಲ್ಲುವವರೆಗೆ, ಮನೆಯವರು ಎಷ್ಟೇ ಒಂದಾಗಿದ್ದರೂ, ಅವರಲ್ಲಿ ಒಬ್ಬರಿಗೂ ಏನೂ ದಕ್ಕಲಿಲ್ಲ. ಹೊಳೆಯ ದಡದಲ್ಲಿ ಅಜ್ಜಿ ಮೊಮ್ಮಗಳು ಅಪ್ಪಿಕೊಂಡಾಗಲೇ ಮನಸ್ಸುಗಳು ಕೂಡಿದ್ದವು. ಶಕ್ತಿ ಅಲ್ಲಿಯೇ ಬರಬಹುದಿತ್ತು, ಬರಲಿಲ್ಲ. ಮನೆ ಬೇಕಾಯಿತು. ಮೇಣದಬತ್ತಿ ಬೇಕಾಗಲಿಲ್ಲ ಎಂಬುದು ನನ್ನ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ನನ್ನನ್ನು ಕಾಡುವ ಪ್ರಶ್ನೆ ಮುಂದಿನ ತಲೆಮಾರಿನದು. ಡೊಲೊರೆಸ್ ಮರಿಯಾನೊನನ್ನು ಮದುವೆಯಾಗಿ, ಅವರ ಮಗುವಿಗೆ ಐದು ವರ್ಷ ತುಂಬಿತೆಂದುಕೊಳ್ಳಿ. ಮುಟ್ಟಲು ಮೇಣದಬತ್ತಿ ಇಲ್ಲ. ಆ ಮಗುವಿಗೆ ಬಾಗಿಲು ಮೂಡುತ್ತದೆಯೇ? ಮೂಡಿದರೆ ಅದನ್ನು ಯಾರು ಕೊಡಿಸಬೇಕು?

ಶಬ್ದವೇಧಿ:

ಮಿರಾಬೆಲ್ ಕೊಡಿಸುತ್ತಾಳೆ. ಆಂತೋನಿಯೊನ ಸಮಾರಂಭದಲ್ಲಿಯೇ ಇದಕ್ಕೆ ಸೂಚನೆ ಇದೆ. ಅಜ್ಜಿ ಮೇಣದಬತ್ತಿಯೊಂದಿಗೆ ಮೇಲೆ ಕಾಯುತ್ತಿದ್ದಳು, ಊರೆಲ್ಲ ನೋಡುತ್ತಿತ್ತು, ಹುಡುಗ ಹೆಜ್ಜೆ ಎತ್ತಲಿಲ್ಲ. ಮಿರಾಬೆಲ್‌ಳ ಕಡೆಗೆ ಕೈ ಚಾಚಿದ. ಅವಳು ಕೈ ಹಿಡಿದು ನಡೆಸಿಕೊಂಡು ಹೋದ ಮೇಲೆಯೇ ಬಾಗಿಲು ತೆರೆದದ್ದು. ಮನೆ ಅಂದೇ ಅವಳನ್ನು ಒಪ್ಪಿಕೊಂಡಿತ್ತು, ಅಜ್ಜಿಗೆ ಅದು ತಿಳಿಯುವುದು ತಡವಾಯಿತು.

ಕಡಲಕರೆ:

ಐದು ವರ್ಷದ ಹುಡುಗ ಜನಜಂಗುಳಿ ಕಂಡು ಹೆದರಿ ಅಕ್ಕನ ಕೈ ಹಿಡಿದದ್ದು ಮಾಂತ್ರಿಕತೆಯ ಪುರಾವೆಯಾಗಲಾರದು. ಅವನು ಫೆಲಿಕ್ಸ್‌ನ ಕೈ ಹಿಡಿದು ಹೋಗಿದ್ದರೂ ಬಾಗಿಲು ತೆರೆಯುತ್ತಿತ್ತೆಂದೇ ನನ್ನ ನಂಬಿಕೆ. ಡೊಲೊರೆಸ್‌ಳ ಮಗುವಿಗೆ ಬಾಗಿಲು ಮೂಡುವುದರಲ್ಲಿ ನನಗೆ ಸಂಶಯವಿಲ್ಲ, ಅದು ಮಗಳ ಮಗಳ ಮಗು. ಬ್ರೂನೊ ಈಗ ಗೋಡೆಯಿಂದ ಹೊರಗೆ ಬಂದಿದ್ದಾನೆ, ವಯಸ್ಸು ಐವತ್ತು. ಅವನೊಂದು ಸಂಸಾರ ಹೂಡಿ ಅವನಿಗೊಂದು ಮಗುವಾಗುವವರೆಗೆ, ರಕ್ತ ಮತ್ತು ಮನೆ ಇವೆರಡರಲ್ಲಿ ಯಾವುದು ಹೆಚ್ಚು ಎಂಬ ಈ ವ್ಯಾಜ್ಯ ತೀರುವಂತೆ ಕಾಣುವುದಿಲ್ಲ.